ಮಾಲೂರಿನ ಇಟ್ಟಿಗೆಗೂ ದಿಕ್ಕು ಗೊತ್ತು

ಎಲ್ಲರಿಗೂ ನಮಸ್ಕಾರ. ಮಾಲೂರು ಕಡೆ ಹೋದವರು ಇಟ್ಟಿಗೆ ಗೂಡು ನೋಡಿಯೇ ಇರುತ್ತೀರಿ. ಹಸಿ ಇಟ್ಟಿಗೆ ಜೋಡಿಸಿ, ಸೌದೆ ತುಂಬಿ, ಮೇಲೆ ಮಣ್ಣು ಮೆತ್ತಿ, ಬೆಂಕಿ ಕೊಟ್ಟು ದಿನಗಟ್ಟಲೆ ಬಿಡುತ್ತಾರೆ. ಆಮೇಲೆ ಗೂಡು ನಿಧಾನಕ್ಕೆ ಆರುತ್ತದೆ. ಆರುವ ಆ ಹೊತ್ತಿನಲ್ಲಿ ಇಟ್ಟಿಗೆ ಸುಮ್ನೆ ಕೂತಿರುವುದಿಲ್ಲ. ಮಣ್ಣಿನಲ್ಲಿರುವ ಕಬ್ಬಿಣದ ಅಂಶದ ಸಣ್ಣ ಕಣಗಳು ಆ ಹೊತ್ತಿಗೆ, ಆ ಜಾಗದಲ್ಲಿ, ಭೂಮಿಯ ಕಾಂತಶಕ್ತಿ ಯಾವ ದಿಕ್ಕಿಗಿದೆಯೋ ಅದನ್ನು ಹಿಡಿದುಕೊಂಡುಬಿಡುತ್ತವೆ. ಕಣ ತಿರುಗಿ ಕೂರುತ್ತದೆ ಅಂದುಕೊಳ್ಳಬೇಡಿ, ಕಣ ಇದ್ದಲ್ಲೇ ಇರುತ್ತದೆ, ಅದರೊಳಗಿನ ಕಾಂತಗುಣ ಮಾತ್ರ ದಿಕ್ಕು ಹಿಡಿಯುತ್ತದೆ.

ಜ್ವಾಲಾಮುಖಿಯ ಕಲ್ಲಿನಲ್ಲೂ ನಡೆಯುವುದು ಇದೇ. ಲಾವಾ ಹರಿದು ಗಟ್ಟಿಯಾದ ಮೇಲೂ ಕೆಂಡದಂತೆ ಕಾದಿರುತ್ತದೆ. ಅದರಲ್ಲಿ ಮ್ಯಾಗ್ನೆಟೈಟ್ ಅಂತ ಒಂದು ಖನಿಜ ಇರುತ್ತದೆ. ಬಿಸಿ 580 ಡಿಗ್ರಿಗಿಂತ ಕೆಳಗೆ ಇಳಿಯುತ್ತಾ ಹೋದ ಹಾಗೆ ದಿಕ್ಕು ಅದರಲ್ಲಿ ಅಚ್ಚಾಗುತ್ತದೆ.

1906ರಲ್ಲಿ ಫ್ರಾನ್ಸಿನ ವಿಜ್ಞಾನಿ ಬರ್ನಾರ್ಡ್ ಬ್ರೂನ್ ಹೀಗೆ ಕಲ್ಲು ಪರೀಕ್ಷೆ ಮಾಡಿದಾಗ ದಿಕ್ಕು ಉಲ್ಟಾ ಬಂತು. ಉತ್ತರ ಇರಬೇಕಾದ ಕಡೆ ದಕ್ಷಿಣ. 1929ರಲ್ಲಿ ಜಪಾನಿನ ಮತುಯಾಮ ಕೂಡ ಅದನ್ನೇ ಹೇಳಿದರು. ಜಾಸ್ತಿ ಜನ ನಂಬಲಿಲ್ಲ. ಭೂಮಿಯ ಕಾಂತಧ್ರುವಗಳು ಆಗಾಗ ಅದಲುಬದಲಾಗುತ್ತವೆ, ಕೊನೆಯ ಸಲ ಹಾಗಾಗಿ ಸುಮಾರು 7.8 ಲಕ್ಷ ವರ್ಷವಾಯಿತು ಅನ್ನುವುದು ಈಗ ಎಲ್ಲರೂ ಒಪ್ಪಿದ ಮಾತು. ನಾಳೆಯೇ ಧ್ರುವ ತಿರುಗಿ ಪ್ರಳಯ ಆಗುತ್ತದೆ ಅಂತ ಫೋನಿಗೆ ಬರುವ ವಿಡಿಯೋಗಳನ್ನು ನಾನಂತೂ ನೋಡದೆ ಅಳಿಸುತ್ತೇನೆ, ಯಾಕೆಂದರೆ ಒಂದು ಸಲ ತಿರುಗುವುದಕ್ಕೇ ಸಾವಿರಾರು ವರ್ಷ ಬೇಕು.

ನನಗೆ ಇದಕ್ಕಿಂತ ಇಷ್ಟವಾಗುವುದು ಓಲಿನ ಲೆಕ್ಕ, ಅಂದರೆ ಕಾಂತದ ದಿಕ್ಕು ನೆಲಕ್ಕೆ ಎಷ್ಟು ಬಾಗಿದೆ ಅನ್ನುವ ಲೆಕ್ಕ. ಮೇಲೆ ಕೆಳಗೆ ಆಡುವ ಹಾಗೆ ಒಂದು ಕಾಂತದ ಮುಳ್ಳನ್ನು ತೂಗುಬಿಟ್ಟರೆ ನಮ್ಮ ಕೋಲಾರದಲ್ಲಿ ಅದು ಹೆಚ್ಚುಕಮ್ಮಿ ಮಲಗಿಯೇ ಇರುತ್ತದೆ. ಉತ್ತರಕ್ಕೆ ಹೋದಷ್ಟೂ ಬಾಗುತ್ತದೆ, ಧ್ರುವದ ಹತ್ತಿರ ನೆಟ್ಟಗೆ ನಿಲ್ಲುತ್ತದೆ. ಅಂದರೆ ಕಲ್ಲಿನೊಳಗಿನ ಓಲು ನೋಡಿದರೆ ಕಲ್ಲು ಆರಿದಾಗ ಆ ನೆಲ ಭೂಮಧ್ಯರೇಖೆಯಿಂದ ಎಷ್ಟು ದೂರ ಇತ್ತು ಅಂತ ಹೇಳಬಹುದು, ಅಲ್ವಾ? 1950ರ ದಶಕದಲ್ಲಿ ದಖ್ಖನ್ನಿನ ಲಾವಾ ಕಲ್ಲುಗಳನ್ನು ಹೀಗೇ ನೋಡಿದರು. ಸುಮಾರು 6.6 ಕೋಟಿ ವರ್ಷದ ಕಲ್ಲು ಅದು. ಆ ನೆಲ ಆಗ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು ಅಂತ ಗೊತ್ತಾಯಿತು. ಇಡೀ ಇಂಡಿಯಾ ನಡೆದು ಬಂದಿದೆ!

ನಮ್ಮ ಕಡೆ ಅಷ್ಟು ಎಳೆಯ ಲಾವಾ ಇಲ್ಲ. ಇರುವುದು ಅದಕ್ಕಿಂತ ಎಷ್ಟೋ ಹಳೆಯದು. ಗ್ರಾನೈಟಿನ ಬಿಳಿ ಬಂಡೆಯ ನಡುವೆ ಕರಿಕಲ್ಲಿನ ಪಟ್ಟಿ ಉದ್ದಕ್ಕೆ ಹಾದು ಹೋಗಿರುತ್ತದಲ್ಲ, ಅದಕ್ಕೆ ಡೈಕ್ ಅನ್ನುತ್ತಾರೆ. ಲಾವಾ ಆಗಿ ಹೊರಗೆ ಬರಬೇಕಾಗಿದ್ದ ಕಲ್ಲಿನ ರಸ ನೆಲದೊಳಗಿನ ಬಿರುಕಿನಲ್ಲೇ ಆರಿಹೋದದ್ದು. ಬೆಂಗಳೂರಿನ ಆಸುಪಾಸಿನಲ್ಲಿ ಪೂರ್ವ-ಪಶ್ಚಿಮವಾಗಿ ಹಾದಿರುವ ದೊಡ್ಡ ಡೈಕುಗಳಿಗೆ ಸುಮಾರು 237 ಕೋಟಿ ವರ್ಷ ವಯಸ್ಸು. ಅವುಗಳೊಳಗಿನ ಓಲು ಮಲಗಿಲ್ಲ, ಬಲು ಕಡಿದಾಗಿದೆ. ಅಂದರೆ ಇವತ್ತು ರಾಗಿ ಬೆಳೆಯುವ ಈ ನೆಲ ಆಗ ಧ್ರುವದ ಹತ್ತಿರ ಇತ್ತು.

ಈ ಪರೀಕ್ಷೆಗೆ ಕಲ್ಲು ತೆಗೆಯುವ ಕೆಲಸ ನೋಡಬೇಕು. ನೀರು ಬಿಡುತ್ತಾ ಕೈ ಡ್ರಿಲ್ಲಿನಲ್ಲಿ ಒಂದಿಂಚು ದಪ್ಪದ ಕಡ್ಡಿಯಂಥ ತುಂಡು ಕೊರೆಯುತ್ತಾರೆ. ಅದನ್ನು ಕೀಳುವ ಮೊದಲೇ ಯಾವ ಕಡೆ ಎಷ್ಟು ವಾಲಿತ್ತು ಅಂತ ಅಳೆದು, ತುಂಡಿನ ಮೇಲೆ ಗೆರೆ ಎಳೆಯುತ್ತಾರೆ. ದಿಕ್ಸೂಚಿಯನ್ನು ಪೂರ್ತಿ ನಂಬುವ ಹಾಗಿಲ್ಲ, ಕಲ್ಲೇ ಅದರ ಮುಳ್ಳನ್ನು ಎಳೆಯುತ್ತದೆ, ಹಾಗಾಗಿ ಬಿಸಿಲಿನ ನೆರಳು ನೋಡಿ ದಿಕ್ಕು ಗುರುತು ಹಾಕುತ್ತಾರೆ. ಒಂದು ಸಲ ಬೆಟ್ಟದ ತುದಿಯ ಬಂಡೆ ಮೇಲೆ ನಾನೇ ದಿಕ್ಸೂಚಿ ಇಟ್ಟೆ. ಎರಡು ಹೆಜ್ಜೆ ಸರಿದರೆ ಒಂದು ಉತ್ತರ, ಮತ್ತೆರಡು ಹೆಜ್ಜೆಗೆ ಇನ್ನೊಂದು ಉತ್ತರ! ದಿಕ್ಸೂಚಿ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಸಿಡಿಲು ಬಡಿದ ಬಂಡೆಯಲ್ಲಿ ಹೀಗಾಗುತ್ತದೆ, ಹಳೆಯ ಬರಹದ ಮೇಲೆ ಸಿಡಿಲು ತನ್ನದೇ ಗೀಚುತ್ತದೆ.

ಆ ಥರದ ಮೇಲುಬರಹ ಅಳಿಸುವುದಕ್ಕೂ ಉಪಾಯ ಇದೆ. ಹೊರಗಿನ ಕಾಂತಶಕ್ತಿ ಸುಳಿಯದ ಒಲೆಯಲ್ಲಿ ತುಂಡನ್ನು 100 ಡಿಗ್ರಿಗೆ ಕಾಯಿಸಿ, ಆರಿಸಿ, ಅಳೆಯುತ್ತಾರೆ. ಮತ್ತೆ 200. ಮತ್ತೆ 300. ಸಾಮಾನ್ಯವಾಗಿ ಆಮೇಲೆ ಸೇರಿಕೊಂಡದ್ದು ಮೊದಲು ಹೋಗುತ್ತದೆ, ಹುಟ್ಟಿದಾಗಿನದು ಕೊನೆಯವರೆಗೆ ನಿಲ್ಲುತ್ತದೆ.

ಸಿಡಿಲಿನ ಕಾಟಕ್ಕೆ ಬೆಟ್ಟದ ತುದಿ ಬೇಡ ಅಂದಮೇಲೆ ಕಲ್ಲು ಪರೀಕ್ಷೆ ಮಾಡುವವರಿಗೆ ಅನುಕೂಲ ಕ್ವಾರಿಯೇ. ಆಳದ ಕಲ್ಲು ಅಲ್ಲಿ ಹೊಸದಾಗಿ ಬಾಯಿ ಬಿಟ್ಟಿರುತ್ತದೆ. ಆದರೆ ಬಂಡೆ ಒಮ್ಮೆ ಕಿತ್ತು ಬಂತು ಅಂದರೆ ಅದು ಹೇಗೆ ನಿಂತಿತ್ತು ಅಂತ ಹೇಳುವವರಿಲ್ಲ. ಗೂಡಿನಿಂದ ತೆಗೆದ ಇಟ್ಟಿಗೆಯೇ ವಾಸಿ, ಉತ್ತರ ಯಾವ ಕಡೆ ಅನ್ನುವುದು ಹೋದರೂ ಯಾವ ಮಗ್ಗುಲಿಗೆ ಜೋಡಿಸಿದ್ದರು ಅಂತ ಗೊತ್ತಿದ್ದರೆ ಓಲಾದರೂ ಸಿಗುತ್ತದೆ. ಕ್ರಷರ್‌ನಿಂದ ಜಲ್ಲಿಯಾಗಿ ಲಾರಿ ಹತ್ತಿದ ಕರಿಕಲ್ಲಿನಲ್ಲಿ ಕಾಂತಗುಣ ಇದ್ದೇ ಇರುತ್ತದೆ, ಒಂದೊಂದು ಚೂರು ಒಂದೊಂದು ಕಡೆ ಮುಖ ಮಾಡಿಕೊಂಡು.