ಕೇಳುವ ಕಿವಿಗೂ ಕರೆಂಟ್ ಬೇಕು

ಎಲ್ಲರಿಗೂ ನಮಸ್ಕಾರ.

ರೇಡಿಯೋದಲ್ಲಿ ಬ್ಯಾಟರಿ ತಿನ್ನುವ ಭಾಗ ಯಾವುದು ಅಂತ ಕೇಳಿದರೆ ಹೆಚ್ಚಿನವರು ಟ್ರಾನ್ಸ್‌ಮಿಟರ್ ಕಡೆ ಬೆರಳು ತೋರಿಸುತ್ತಾರೆ. ದೂರದ ಟವರಿಗೆ ಕೂಗಬೇಕಾದ ಫೋನಿನ ಮಟ್ಟಿಗೆ ಅದು ಸರಿ. ಆದರೆ ಪುಟ್ಟ ಸೆನ್ಸರ್ ಒಂದನ್ನು ತೆಗೆದುಕೊಳ್ಳಿ. ಅದು ಮಾತಾಡುವುದು ನಿಮಿಷಕ್ಕೆ ಕೆಲವೇ ಮಿಲಿಸೆಕೆಂಡ್. ತನಗೆ ಕರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಹಾಗಾಗಿ ಕಿವಿ, ಅಂದರೆ ರಿಸೀವರ್ ಮಾತ್ರ ಇಡೀ ದಿನ ತೆರೆದಿಟ್ಟಿರಬೇಕು. ಆ ಕಿವಿಗೂ ಕರೆಂಟ್ ಬೇಕು, ಅಲ್ವಾ?

ಒಂದು ಲೆಕ್ಕ ಹಾಕೋಣ. ನಾಣ್ಯದ ಆಕಾರದ ಸಿಆರ್2032 ಸೆಲ್ಲಿನಲ್ಲಿ ಸುಮಾರು 220 ಮಿಲಿಆಂಪ್-ಅವರ್ ಇರುತ್ತದೆ, ಅಂದರೆ 1 ಮಿಲಿಆಂಪ್ ಕರೆಂಟನ್ನು 220 ಗಂಟೆ ಕೊಡುವಷ್ಟು. ರಿಸೀವರ್ ಸದಾ 10 ಮಿಲಿಆಂಪ್ ಎಳೆಯುತ್ತಿದ್ದರೆ 22 ಗಂಟೆಗೆ ಸೆಲ್ ಖಾಲಿ. ಅದನ್ನೇ ಸೆಕೆಂಡಿಗೆ 5 ಮಿಲಿಸೆಕೆಂಡ್ ಮಾತ್ರ ಎಬ್ಬಿಸಿದರೆ ಸರಾಸರಿ 50 ಮೈಕ್ರೋಆಂಪ್. ಅಂದರೆ 4,400 ಗಂಟೆ, ಹೆಚ್ಚುಕಡಿಮೆ ಆರು ತಿಂಗಳು. ಎಲ್‌ಟಿಇ, ಅಂದರೆ 4ಜಿ ಫೋನುಗಳೂ ಸುಮ್ನೆ ಇರುವಾಗ ಇದನ್ನೇ ಮಾಡುತ್ತವೆ. 0.32 ಸೆಕೆಂಡಿನಿಂದ 2.56 ಸೆಕೆಂಡಿಗೊಮ್ಮೆ ಎದ್ದು, ಕರೆ ಇದೆಯಾ ಅಂತ ನೋಡಿ, ಮತ್ತೆ ಮಲಗುತ್ತವೆ.

ಹಾಗಾದರೆ ಇನ್ನೂ ಜಾಸ್ತಿ ಹೊತ್ತು ಮಲಗಿಸಬಹುದಲ್ಲ? ಮಲಗಿಸಬಹುದು, ಆದರೆ ಗಡಿಯಾರ ಬಿಡುವುದಿಲ್ಲ. ಸ್ಫಟಿಕದ ಗಡಿಯಾರ ಹತ್ತು ಲಕ್ಷಕ್ಕೆ 50ರಷ್ಟು ತಪ್ಪಿದರೆ, 60 ಸೆಕೆಂಡ್ ನಿದ್ದೆಯಲ್ಲಿ 3 ಮಿಲಿಸೆಕೆಂಡ್ ವ್ಯತ್ಯಾಸ ಬರುತ್ತದೆ. ಅಷ್ಟು ಮುಂಚೆ ಏಳಬೇಕು, ಅಷ್ಟೇ ಹೊತ್ತು ತಡವಾಗಿಯೂ ಕಾಯಬೇಕು. 5 ಮಿಲಿಸೆಕೆಂಡಿನ ಕೆಲಸಕ್ಕೆ 6 ಮಿಲಿಸೆಕೆಂಡ್ ಬಾಗಿಲು ಕಾಯುವುದು!

ಇದು ನಿದ್ದೆಯ ಮಾತಾಯಿತು. ನನಗೆ ಹೆಚ್ಚು ಇಷ್ಟವಾದ ಪ್ರಶ್ನೆ ಬೇರೆ. ಎದ್ದ ಮೇಲೆ ರಿಸೀವರ್ ಎಷ್ಟು ಕರೆಂಟ್ ಎಳೆಯಬೇಕು?

ರಿಸೀವರನ್ನು ನಾವು ಅತಿ ಕೆಟ್ಟ ದಿನಕ್ಕಾಗಿ ಕಟ್ಟುತ್ತೇವೆ. 2ಜಿ ಫೋನುಗಳ ಜಿಎಸ್‌ಎಂ ನಿಯಮವನ್ನೇ ನೋಡಿ. ಅದರಲ್ಲಿ ಸಿಗ್ನಲ್ ಬಲವನ್ನು ಡಿಬಿಎಂನಲ್ಲಿ, ಅಂದರೆ ಒಂದು ಮಿಲಿವಾಟಿಗೆ ಹೋಲಿಸಿ ಹೇಳುತ್ತಾರೆ. ಫೋನಿಗೆ ಬೇಕಾದ ಸಿಗ್ನಲ್ ಮೈನಸ್ 99 ಡಿಬಿಎಂ. ಅದರಿಂದ ಬರೀ 3 ಮೆಗಾಹರ್ಟ್ಸ್ ಆಚೆ ಮೈನಸ್ 23 ಡಿಬಿಎಂನಷ್ಟು ಜೋರಾದ ಇನ್ನೊಂದು ಸಿಗ್ನಲ್ ಇದ್ದರೂ ತನ್ನದನ್ನು ಕೇಳಿಸಿಕೊಳ್ಳಬೇಕು. 76 ಡೆಸಿಬಲ್ ವ್ಯತ್ಯಾಸ. ಅಂದರೆ ಸುಮಾರು 4 ಕೋಟಿ ಪಟ್ಟು!

ಆ ಗದ್ದಲ ತಡೆದುಕೊಳ್ಳಲು ಮೊದಲ ಆಂಪ್ಲಿಫೈಯರಿಗೆ ಜಾಸ್ತಿ ಕರೆಂಟ್ ಬೇಕು, ಇಲ್ಲದಿದ್ದರೆ ಅದು ಉಸಿರುಗಟ್ಟುತ್ತದೆ. ರಿಸೀವರನ್ನು ಬೇಕಾದ ಚಾನೆಲ್ಲಿಗೆ ಟ್ಯೂನ್ ಮಾಡುವ ಆಸಿಲೇಟರ್ 10 ಡೆಸಿಬಲ್ ಶುದ್ಧವಾಗಬೇಕಾದರೆ ಹೆಚ್ಚುಕಡಿಮೆ 10 ಪಟ್ಟು ಪವರ್ ಕೇಳುತ್ತದೆ. ಸಿಗ್ನಲನ್ನು ಅಂಕಿಗಳಾಗಿ ಬದಲಾಯಿಸುವ ಎಡಿಸಿಯಲ್ಲಿ ಒಂದು ಬಿಟ್ ಹೆಚ್ಚಿಸಿದರೆ ಸಿಗುವುದು 6 ಡೆಸಿಬಲ್. ಅದಕ್ಕೆ ಪವರ್ ಸುಮಾರು ಎರಡು ಪಟ್ಟು, ಕೆಲವು ಸಲ ನಾಲ್ಕು ಪಟ್ಟು ಕೊಡಬೇಕು. ಪಕ್ಕದಲ್ಲಿ ಆ ಗಲಾಟೆಯವನೇ ಇಲ್ಲದ ದಿನ ಇದೆಲ್ಲ ದಂಡ.

ಹಾಗಾಗಿ ಸಂದರ್ಭ ನೋಡಿ ಖರ್ಚು ಮಾಡುವ ರಿಸೀವರ್ ಬೇಕು. ಹೊಂದಿಕೊಳ್ಳುವ ರಿಸೀವರ್ ಹೊಸದೇನಲ್ಲ. 1925ರಲ್ಲೇ ಹೆರಾಲ್ಡ್ ವೀಲರ್ ತಾನಾಗಿ ಸದ್ದು ಸರಿಹೊಂದಿಸುವ ಸರ್ಕ್ಯೂಟ್ ಕಂಡುಹಿಡಿದರು. ಆದರೆ ಒಂದು ಗೊಂದಲ ಬೇಡ. ಗೇನ್, ಅಂದರೆ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ ತಗ್ಗಿಸಿದ ಮಾತ್ರಕ್ಕೆ ಕರೆಂಟ್ ತಗ್ಗುವುದಿಲ್ಲ. ಕರೆಂಟನ್ನು ಬೇರೆಯಾಗಿಯೇ ಇಳಿಸಬೇಕು.

ಇಲ್ಲಿ ನಾನೇ ಮಾಡಿದ ತಪ್ಪು ಹೇಳುತ್ತೇನೆ. ಒಂದು ಬೋರ್ಡಿನಲ್ಲಿ ಸಿಗ್ನಲ್ ಜೋರಾಗಿದ್ದರೆ ಆಂಪ್ಲಿಫೈಯರಿನ ಕರೆಂಟ್ ಇಳಿಸುವಂತೆ ಪ್ರೋಗ್ರಾಂ ಬರೆದೆ. ಬೆಂಚಿನ ಮೇಲೆ ಚೆನ್ನಾಗಿ ಓಡಿತು. ಹೊರಗೆ ಹಾಕಿದಾಗ ಪ್ಯಾಕೆಟ್‌ಗಳು, ಅಂದರೆ ಸಂದೇಶದ ತುಣುಕುಗಳು ಸಾಲುಸಾಲಾಗಿ ಬಿದ್ದುಹೋದವು. ಸಿಗ್ನಲ್ ಬಲ ನೋಡಿದರೆ ಪರವಾಗಿಲ್ಲ ಅನ್ನುತ್ತಿತ್ತು. ಎರಡು ದಿನ ಸಾಫ್ಟ್‌ವೇರ್ ಬೈದೆ. ಆಮೇಲೆ ಹೊಳೆಯಿತು. ನಾನು ಬಲ ಅಳೆಯುತ್ತಿದ್ದದ್ದು ಬೇಕಾದ ಚಾನೆಲ್ ಮಾತ್ರ ಒಳಗೆ ಬಿಡುವ ಫಿಲ್ಟರಿನ ನಂತರ. ಪಕ್ಕದ ಚಾನೆಲ್ಲಿನ ಟ್ರಾನ್ಸ್‌ಮಿಟರ್ ಆಂಪ್ಲಿಫೈಯರನ್ನು ಉಸಿರುಗಟ್ಟಿಸುತ್ತಿತ್ತು, ಆದರೆ ಫಿಲ್ಟರ್ ಅವನನ್ನು ಅಳಿಸಿ ನನಗೆ ಶಾಂತವಾದ ಚಿತ್ರ ತೋರಿಸುತ್ತಿತ್ತು. ಕಿವಿ ಮುಚ್ಚಿಕೊಂಡು ಗಲಾಟೆ ಇದೆಯಾ ಅಂತ ಕೇಳಿದ ಹಾಗೆ.

ಪರಿಹಾರ ಸರಳ. ಫಿಲ್ಟರಿಗಿಂತ ಮುಂಚೆ, ಬಲ ಅಳೆಯುವ ಒಂದು ಚಿಕ್ಕ ಡಿಟೆಕ್ಟರ್ ಕೂರಿಸಬೇಕು. ಹೊರಗೆ ಗದ್ದಲ, ಒಳಗೆ ಕ್ಷೀಣ ಸಿಗ್ನಲ್ ಅಂತಾದರೆ ಪೂರ್ತಿ ಕರೆಂಟ್. ಎರಡೂ ಕಡೆ ನೆಮ್ಮದಿಯಾಗಿದ್ದರೆ ಮಾತ್ರ ಇಳಿಸುವುದು. ಏರುವಾಗ ಬೇಗ ಏರಬೇಕು, ಇಳಿಯುವಾಗ ನಿಧಾನವಾಗಿ ಇಳಿಯಬೇಕು. ಎರಡಕ್ಕೂ ಒಂದೇ ಗಡಿ ಇಟ್ಟರೆ ಅದು ಗಡಿಯಲ್ಲೇ ಕುಣಿಯುತ್ತಿರುತ್ತದೆ. ಇನ್ನೊಂದು ವಿಷಯ: ಪ್ಯಾಕೆಟ್ ಬರುತ್ತಿರುವಾಗ ಕರೆಂಟ್ ಮುಟ್ಟಬೇಡಿ. ಗೇನ್, ಫೇಸ್ (ಅಲೆಯ ಹಂತ) ಎರಡೂ ಜಿಗಿಯುತ್ತವೆ, ಸಂದೇಶ ಬಿಡಿಸುವ ಡೀಕೋಡರ್ ಕಕ್ಕಾಬಿಕ್ಕಿಯಾಗುತ್ತದೆ. ಎರಡು ಪ್ಯಾಕೆಟ್ ನಡುವಿನ ಬಿಡುವಿನಲ್ಲೇ ಬದಲಾಯಿಸಿ.

ಡೀಕೋಡರಿನಲ್ಲೂ ಉಳಿತಾಯ ಇದೆ. ಕೆಲವು ಡೀಕೋಡರ್‌ಗಳು ಒಂದೇ ಲೆಕ್ಕವನ್ನು ಸುತ್ತುಸುತ್ತಾಗಿ ಮಾಡುತ್ತವೆ. ಮೂರನೇ ಸುತ್ತಿಗೇ ಉತ್ತರ ಸರಿ ಬಂತು ಅಂತ ತಪ್ಪು ಹಿಡಿಯುವ ಸಿಆರ್‌ಸಿ ಪರೀಕ್ಷೆ ಹೇಳಿದರೆ ಎಂಟನೆಯದರವರೆಗೆ ಯಾಕೆ ಹೋಗಬೇಕು?

ಡಿಟೆಕ್ಟರ್ ಸೇರಿಸಿದ ಮೇಲೆ ನನ್ನ ಬೋರ್ಡ್ ಎದ್ದಿರುವಾಗ ಎಳೆಯುವ ಕರೆಂಟ್ ಸ್ವಲ್ಪ ಜಾಸ್ತಿಯೇ ಆಯಿತು. ಬ್ಯಾಟರಿ ಮಾತ್ರ ಮೊದಲಿಗಿಂತ ಹೆಚ್ಚು ದಿನ ಬಂತು. ಬಿದ್ದ ಪ್ಯಾಕೆಟ್ಟಿಗಾಗಿ ಮತ್ತೆ ಮತ್ತೆ ಏಳುವುದು ನಿಂತಿತ್ತಲ್ಲ! ಆ ಬೋರ್ಡನ್ನು ತಂದಿದ್ದೇನೆ. ಮುಂದಿನ ಸಾಲಿನವರು ಯಾರಾದರೂ ಆ ಮೀಟರ್ ಸ್ವಲ್ಪ ಹಿಡಿದುಕೊಳ್ಳಿ, ಪಕ್ಕದ ಟ್ರಾನ್ಸ್‌ಮಿಟರ್ ಆನ್ ಮಾಡುತ್ತೇನೆ.