ಅಮಿಗಾಗೆ ಪಿಸಿ ಫ್ಲಾಪಿ ಡ್ರೈವ್ ಕೂರಿಸೋಣ

ಸರಿ, ಕ್ಯಾಮೆರಾ ಓಡುತ್ತಿದೆ. ಮೇಜಿನ ಮೇಲೆ ಕಾಣುತ್ತಿರುವುದು ಅಮಿಗಾ 500. 1987ರಲ್ಲಿ ಬಂದ ಕಂಪ್ಯೂಟರ್. ಅದರ ಫ್ಲಾಪಿ ಡ್ರೈವ್ ಕೆಟ್ಟು ಕೂತಿದೆ. ಪಕ್ಕದ ರಾಶಿಯಲ್ಲಿರುವುದೆಲ್ಲ ಪಿಸಿಗಳಿಂದ ಬಿಚ್ಚಿ ತೆಗೆದ ಡ್ರೈವ್‌ಗಳು. ಇವುಗಳಲ್ಲಿ ಒಂದನ್ನು ಅಮಿಗಾಗೆ ಕೂರಿಸಬೇಕು. ಸ್ಕ್ರೂ ಬಿಚ್ಚುವುದನ್ನೆಲ್ಲ ನೀವೇ ನೋಡುತ್ತಿದ್ದೀರಿ, ಅದಕ್ಕೆ ನನ್ನ ಮಾತು ಬೇಡ.

ಒಳಗೆ ನೋಡಿದರೆ ಎರಡೂ ಒಂದೇ ಜಾತಿ. ಮೂರೂವರೆ ಇಂಚು, 80 ಟ್ರ್ಯಾಕ್, ನಿಮಿಷಕ್ಕೆ 300 ಸುತ್ತು, 34 ತಂತಿಯ ಪಟ್ಟಿ ಕೇಬಲ್. ವ್ಯತ್ಯಾಸ ಇರುವುದು ಮೂರು ಸಿಗ್ನಲ್‌ಗಳಲ್ಲಿ. ಅಷ್ಟಕ್ಕೇ ಒಳ್ಳೊಳ್ಳೆ ಡ್ರೈವ್‌ಗಳನ್ನು ಗುಜರಿಗೆ ಹಾಕುತ್ತಾರಲ್ಲ, ಹೊಟ್ಟೆ ಉರಿಯುತ್ತದೆ.

ಮೊದಲನೆಯದು ಡ್ರೈವ್ ನಂಬರ್. ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗೆ ಇದು. ಅಮಿಗಾ ತನ್ನ ಒಳಗಿನ ಡ್ರೈವನ್ನು ಪಿನ್ 10ರಲ್ಲಿ, ಸೊನ್ನೆ ನಂಬರಿನಲ್ಲಿ ಕರೆಯುತ್ತದೆ. ಪಿಸಿ ಡ್ರೈವ್ ಪಿನ್ 12ರಲ್ಲಿ, ಒಂದನೇ ನಂಬರ್ ಕೂಗಿದರೆ ಮಾತ್ರ ಓಗೊಡುತ್ತದೆ. ಹಳೇ ಡ್ರೈವ್‌ಗಳಲ್ಲಿ ಇದಕ್ಕೆ ಪುಟ್ಟ ಜಂಪರ್, ಅಂದರೆ ಎರಡು ಪಿನ್ ಜೋಡಿಸುವ ಕ್ಲಿಪ್, ಇರುತ್ತಿತ್ತು. ಉಗುರಿನಲ್ಲಿ ಎಳೆದು ಪಕ್ಕಕ್ಕೆ ಹಾಕಿದರೆ ಮುಗಿಯಿತು.

ಈಗ ಈ ಎರಡು ಡ್ರೈವ್ ನೋಡಿ. ಎರಡರಲ್ಲೂ ಜಂಪರ್ ಇಲ್ಲ. ಐಬಿಎಂ ತನ್ನ ಪಿಸಿ ಕೇಬಲ್ಲಿನಲ್ಲಿ 10ರಿಂದ 16ರವರೆಗಿನ ತಂತಿಗಳನ್ನು ತಿರುಚಿ ಹಾಕಿತು. ಎಲ್ಲ ಡ್ರೈವ್‌ಗೂ ಒಂದೇ ನಂಬರ್ ಇಟ್ಟರೂ, ತಿರುಚಿದ ಕಡೆ ಸಿಕ್ಕಿಸಿದ್ದು ‘ಎ’, ನೇರ ಕಡೆಯದು ‘ಬಿ’ ಆಗುತ್ತದೆ. ಜೋಡಿಸುವವರಿಗೆ ಅನುಕೂಲ, ಒಪ್ಪುತ್ತೇನೆ. ಆದರೆ ಆಮೇಲೆ ಜಂಪರ್ ಮುಟ್ಟುವವರೇ ಇಲ್ಲ ಎಂದು ಡ್ರೈವ್ ಮಾಡುವವರು ಅದನ್ನೇ ಕಿತ್ತುಹಾಕಿದರು. ಕೆಲವರು ಬೋರ್ಡಿನಲ್ಲಿ ಬೆಸುಗೆ ಹಾಕುವ ಜಾಗವನ್ನಾದರೂ ಬಿಟ್ಟರು. ಉಳಿದವರು ಅದನ್ನೂ ಬಿಡಲಿಲ್ಲ. ಕೈಯಲ್ಲಿರುವ ಈ ಎರಡಕ್ಕೂ ಒಂದೇ ಮಾಡೆಲ್ ನಂಬರ್, ಒಂದೇ ಲೇಬಲ್. ಮುಚ್ಚಳ ತೆಗೆದರೆ ಬೇರೆ ಬೇರೆ ಬೋರ್ಡ್! ಇದರಲ್ಲಿ ಡಿಎಸ್0, ಅಂದರೆ ಸೊನ್ನೆ ನಂಬರ್, ಎಂದು ಬರೆದ ಖಾಲಿ ಬೆಸುಗೆ ಜಾಗ ಇದೆ. ಇನ್ನೊಂದರಲ್ಲಿ ಏನೂ ಇಲ್ಲ, ತಾಮ್ರದ ಗೆರೆ ಸೀದಾ ಚಿಪ್‌ನೊಳಗೆ ಹೋಗಿದೆ. ಹೀಗಾದರೆ ಲೇಬಲ್ ನೋಡಿ ಡ್ರೈವ್ ಆರಿಸುವುದು ಹೇಗೆ? ಬೋರ್ಡ್ ಬದಲಾದರೆ ಲೇಬಲ್ ಮೇಲೆ ಒಂದು ಅಕ್ಷರ ಬದಲಿಸುವುದಕ್ಕೆ ಏನು ಕಷ್ಟ? ಇದು ನನಗೆ ನಿಜಕ್ಕೂ ಸಿಟ್ಟು ಬರಿಸುತ್ತದೆ. ಜಾಗ ಇಲ್ಲದ ಡ್ರೈವನ್ನು ಎಸೆಯಬೇಡಿ. ಕೇಬಲ್ಲಿನಲ್ಲೇ 10 ಮತ್ತು 12ನೇ ತಂತಿ ಅದಲುಬದಲು ಮಾಡಿದರೆ ಅದೂ ಓಗೊಡುತ್ತದೆ.

ಎರಡನೆಯದು ಡಿಸ್ಕ್ ಬದಲಾದ ಸುದ್ದಿ. ಪಿಸಿ ಡ್ರೈವ್ ಅದನ್ನು ಪಿನ್ 34ರಲ್ಲಿ ಕೊಡುತ್ತದೆ, ಅಮಿಗಾ ಪಿನ್ 2ರಲ್ಲಿ ಕೇಳುತ್ತದೆ. ಪಿನ್ 2 ಮತ್ತು 34ರ ಗೆರೆ ಕತ್ತರಿಸಿ, 34ಕ್ಕೆ ಹೋಗುತ್ತಿದ್ದ ಸುದ್ದಿಯನ್ನು ಪಿನ್ 2ಕ್ಕೆ ತರುವ ತಂತಿ. ಕಾಣಿಸುತ್ತಿದೆ ಅಲ್ವಾ?

ಮೂರನೆಯದೇ ನಿಜವಾದ ತಲೆನೋವು. ಖಾಲಿಯಾದ 34ರಲ್ಲಿ ಅಮಿಗಾಗೆ ‘ರೆಡಿ’ ಸಿಗ್ನಲ್, ಅಂದರೆ ಡ್ರೈವ್ ಓದಲು ಸಿದ್ಧ ಎಂಬ ಸುದ್ದಿ, ಬೇಕು. ಅಮಿಗಾದ ಡೆಸ್ಕ್‌ಟಾಪ್ ಆದ ವರ್ಕ್‌ಬೆಂಚ್ ಇದಿಲ್ಲದೆಯೂ ಏಳುತ್ತದೆ. ಕೆಲವು ಗೇಮ್‌ಗಳು ಮಾತ್ರ ಇದಕ್ಕಾಗಿ ಕಾದು ಅಲ್ಲೇ ನಿಂತುಬಿಡುತ್ತವೆ. ಸುಮ್ನೆ ಗ್ರೌಂಡ್‌ಗೆ ಕಟ್ಟಿ ಎನ್ನುವವರಿದ್ದಾರೆ. ಖಂಡಿತ ಬೇಡ. ಹೊರಗಿನ ಡ್ರೈವ್‌ಗಳೂ ಇದೇ ಗೆರೆ ಹಂಚಿಕೊಳ್ಳುತ್ತವೆ, ಅವನ್ನು ಗುರುತಿಸುವುದೂ ಇದರಲ್ಲೇ. ಈ ಬೋರ್ಡಿನಲ್ಲಿ ರೆಡಿಗೂ ಜಾಗ ಬಿಟ್ಟಿದ್ದಾರೆ. ಅದಕ್ಕೇ ಇದನ್ನು ಆರಿಸಿದ್ದು.

ಫ್ಲಾಪಿ ಡ್ರೈವಿನ ಹಾಗೆ ನಟಿಸುವ ಗೋಟೆಕ್ ಎಂಬ ಪೆಟ್ಟಿಗೆಯನ್ನು ಅಮಿಗಾಗೆ ಹೊಂದಿಸಿ ಹಾಕಿದರೆ ಈ ಬೆಸುಗೆ ಯಾವುದೂ ಬೇಡ, ಪೆನ್‌ಡ್ರೈವ್ ಸಿಕ್ಕಿಸಿದರೆ ಆಯಿತು. ನನಗೆ ಅದು ಬೇಡ. ಫ್ಲಾಪಿ ತಿರುಗದ ಅಮಿಗಾದಲ್ಲಿ ಏನೋ ಕಡಿಮೆ. ಆದರೂ... ಹಳೇ ಡಿಸ್ಕ್‌ಗಳು ವರ್ಷದಿಂದ ವರ್ಷಕ್ಕೆ ಹಾಳಾಗುತ್ತಿವೆ. ಹೊರಗಡೆ ಎರಡನೇ ಡ್ರೈವಾಗಿ ಒಂದು ಗೋಟೆಕ್ ಇರಲಿ, ಬೇಡ ಎನ್ನುವುದಿಲ್ಲ.

ಅದೇ ಕಂಪನಿಯ ಇನ್ನೂ ಹಳೇ ಕಂಪ್ಯೂಟರ್ ಕಮೋಡೋರ್ 64ರ 1541 ಡ್ರೈವಿಗೂ ಹೀಗೆ ಮಾಡಬಹುದಾ? ಆಗುವುದಿಲ್ಲ. ಅದರೊಳಗೆ ಅದರದ್ದೇ 6502 ಪ್ರೊಸೆಸರ್ ಕೂತಿದೆ, ಡಿಸ್ಕಿಗೆ ಬರೆಯುವ ರೀತಿಯೇ ಬೇರೆ. ಆ ಕತೆ ಉದ್ದ, ಇಲ್ಲಿ ಬೆಸುಗೆ ಆಗಲೇ ಮುಗಿದಿದೆ, ಮುಂದೆ ಹೋಗೋಣ.

ಡಿಸ್ಕ್ ಅಮಿಗಾದಲ್ಲಿ 880 ಕೆಬಿ ಹಿಡಿಯುವ ಡಬಲ್ ಡೆನ್ಸಿಟಿಯದೇ ಹಾಕಿ. 1.44 ಎಂಬಿ ಡಿಸ್ಕಿನ ತೂತಿಗೆ ಟೇಪ್ ಅಂಟಿಸಿ 880 ಕೆಬಿ ಬರೆಯಬಹುದು, ಆದರೆ ಆ ಲೇಪನಕ್ಕೆ ಇನ್ನೂ ಜೋರಾದ ಕಾಂತಕ್ಷೇತ್ರ ಬೇಕು. ಬರೆದದ್ದು ಎಷ್ಟು ದಿನ ಉಳಿಯುತ್ತದೋ ನಂಬುವ ಹಾಗಿಲ್ಲ.

ಆನ್ ಮಾಡುತ್ತಿದ್ದೇನೆ. ಕೇಳಿ, ಟಿಕ್, ಟಿಕ್. ಡಿಸ್ಕ್ ಬಂತಾ ಎಂದು ಅಮಿಗಾ ಹೆಡ್ ಸರಿಸಿ ಸರಿಸಿ ನೋಡುತ್ತಿದೆ. ಡಿಸ್ಕ್ ಹಾಕಿದೆ, ಟಿಕ್ ನಿಂತಿತು. ಅಂದರೆ ಪಿನ್ 2 ಸರಿ ಇದೆ. ಈಗ ರೆಡಿಗೆ ಕಾಯುವ ಗೇಮ್... ಹಾಂ, ಲೋಡ್ ಆಯಿತು! ಮೂರೂ ಸರಿ.

ಉಳಿದದ್ದು ಎಜೆಕ್ಟ್ ಬಟನ್. ಕೇಸಿನ ಕಿಂಡಿಗೂ ಇದಕ್ಕೂ ಹೊಂದುತ್ತಿಲ್ಲ. ಕೇಸ್ ಕೊರೆಯಬೇಡಿ, ದಯವಿಟ್ಟು. ಇಂಥ ಕೇಸ್ ಮತ್ತೆ ಯಾರೂ ಮಾಡಿಕೊಡುವುದಿಲ್ಲ. ಬಟನ್ನನ್ನೇ 3ಡಿ ಪ್ರಿಂಟ್ ಮಾಡಿಸಿ, ಮುಂದಿನ ವಿಡಿಯೋದಲ್ಲಿ ಕೂರಿಸುತ್ತೇನೆ.