ಎದುರು ಪಾರ್ಟಿ ಫೋನಲ್ಲೇ ಸಾಕ್ಷ್ಯ ಇದ್ರೆ ಏನ್ಮಾಡೋದು?

ಎಲ್ರಿಗೂ ನಮಸ್ಕಾರ. ವಕೀಲರ ಸಂಘದ ಹಿರಿಯರು ಮುಂದೆ ಕೂತಿದ್ದೀರಿ, ಆದ್ರೆ ನಾನಿವತ್ತು ಮಾತಾಡ್ಬೇಕು ಅಂತ ಬಂದಿರೋದು ಹಿಂದೆ ನಿಂತಿರೋ ಜೂನಿಯರ್‌ಗಳ ಜೊತೆ.

ಮೊದ್ಲು ನಾನು ಸೋತ ಒಂದು ಕೇಸು ಹೇಳ್ಬಿಡ್ತೀನಿ. ಪಾಲುದಾರಿಕೆ ಲೆಕ್ಕದ ದಾವೆ, ವ್ಯವಹಾರ ಪೂರ್ತಿ ವಾಟ್ಸಾಪಲ್ಲೇ ನಡೆದಿತ್ತು, ದುಡ್ಡು ಬಾಕಿ ಇದೆ ಅಂತ ಎದುರು ಪಾರ್ಟಿ ತಾವೇ ಬರೆದಿದ್ದೂ ಇತ್ತು. ನಾನು ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆಸಿ ಹಾಕ್ದೆ. ಅದನ್ನ ಸಾಕ್ಷ್ಯ ಅಂತ ಕೋರ್ಟಲ್ಲಿ ಮಾರ್ಕ್ ಮಾಡ್ಸೋಕೆ ಹೋದಾಗ ಎದುರು ವಕೀಲರು ಎದ್ದು ಸರ್ಟಿಫಿಕೇಟ್ ಎಲ್ಲಿ ಅಂದ್ರು, ಅಂದ್ರೆ ಈ ಕಾಪಿ ಯಾವ ಯಂತ್ರದಿಂದ ಹೇಗೆ ಬಂತು ಅಂತ ಸಹಿ ಹಾಕಿ ಹೇಳೋ ಪತ್ರ. ಅಷ್ಟೊತ್ತಿಗೆ ನಮ್ಮ ಕಕ್ಷಿದಾರರು ಹಳೇ ಫೋನ್ ಎಕ್ಸ್‌ಚೇಂಜ್‌ಗೆ ಕೊಟ್ಟಾಗಿತ್ತು, ಬ್ಯಾಕಪ್ಪೂ ಇಲ್ಲ. ಅದೇ ಚಾಟು ಎದುರು ಪಾರ್ಟಿ ಫೋನಲ್ಲೂ ಇರುತ್ತಲ್ಲ, ಹಾಜರುಪಡಿಸೋಕೆ ಹೇಳಿ ಅಂತ ಅರ್ಜಿ ಹಾಕ್ಬಹುದಿತ್ತು ಅಂತ ನನಗೆ ಹೊಳೆದಿದ್ದು ಕೇಸು ವಾದಕ್ಕೆ ಬಂದ್ಮೇಲೆ.

ಈ ಸರ್ಟಿಫಿಕೇಟ್ ಕಥೆ ನಿಮಗೆ ಗೊತ್ತು. 2014ರಲ್ಲಿ ಅನ್ವರ್ ಕೇಸಲ್ಲಿ ಸುಪ್ರೀಂ ಕೋರ್ಟು, ಹಳೇ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 65ಬಿ ಹೇಳೋ ಈ ಸರ್ಟಿಫಿಕೇಟ್ ಇಲ್ದೆ ಸಿಡಿ ಕಾಪಿ ನೋಡಲ್ಲ ಅಂತು. ಹಾಗಾದ್ರೆ ಮೂಲ ಯಂತ್ರ ನಮ್ಮ ಕೈಲೇ ಇಲ್ದಿದ್ರೆ? 2018ರಲ್ಲಿ ಶಫಿ ಮೊಹಮ್ಮದ್ ಕೇಸಲ್ಲಿ ಅಂಥವರಿಗೆ ಸರ್ಟಿಫಿಕೇಟ್ ಬೇಡ ಅಂದ್ರು, 2020ರ ಜುಲೈ 14ರಂದು ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪಲ್ಲಿ ಆ ವಿನಾಯ್ತಿಯನ್ನೂ ತೆಗೆದುಹಾಕಿದ್ರು.

ಈ ತೀರ್ಪನ್ನ ದಯವಿಟ್ಟು ಪೂರ್ತಿ ಓದಿ, ಮೇಲೆ ಹಾಕಿರೋ ಸಾರಾಂಶ, ಹೆಡ್‌ನೋಟ್, ಸಾಲಲ್ಲ. ಮಹಾರಾಷ್ಟ್ರದ ಜಾಲ್ನಾ ಕ್ಷೇತ್ರ, 2014ರ ಎಲೆಕ್ಷನ್, ಗೆಲುವಿನ ಅಂತರ ಬರೀ 296 ಓಟು. ಗೆದ್ದವರು ನಾಮಪತ್ರನ ಮಧ್ಯಾಹ್ನ 3 ಗಂಟೆ ಗಡುವು ಮುಗಿದ್ಮೇಲೆ ಕೊಟ್ರು ಅನ್ನೋದು ತಕರಾರು, ಅದು ಗೊತ್ತಾಗೋದು ಚುನಾವಣಾಧಿಕಾರಿ ಆಫೀಸಿನ ವಿಡಿಯೋದಿಂದ, ಆ ವಿಡಿಯೋ ಇದ್ದಿದ್ದು ಅಧಿಕಾರಿಗಳ ಹತ್ರ. ಸಿಡಿ ಕೊಟ್ರು, ಸರ್ಟಿಫಿಕೇಟ್ ಕೊಡ್ಲಿಲ್ಲ. ಆ ಗೆಲುವನ್ನ ಪ್ರಶ್ನಿಸಿದವರು ಒಂದ್ಸಲಕ್ಕೆ ಬಿಡ್ಲಿಲ್ಲ, ಮತ್ತೆ ಮತ್ತೆ ಬರೆದು ಕೇಳಿದ್ರು. ಸುಪ್ರೀಂ ಕೋರ್ಟು ಸರ್ಟಿಫಿಕೇಟ್ ಕಡ್ಡಾಯ ಅಂತ ಹೇಳಿ, ಆದ್ರೆ ಇವರು ಕೈಲಾದ್ದೆಲ್ಲ ಮಾಡಿದ್ದಾರೆ, ಆಗದ್ದನ್ನ ಮಾಡು ಅಂತ ಕಾನೂನು ಬಲವಂತ ಮಾಡಲ್ಲ ಅಂತ ಅವರ ಕೈ ಹಿಡೀತು. ಅವರನ್ನ ಉಳಿಸಿದ್ದು ಆ ಲೆಟರ್‌ಗಳು. ನಾನು ನನ್ನ ಕೇಸಲ್ಲಿ ಒಂದು ಲೆಟರ್ರೂ ಬರೆದಿರ್ಲಿಲ್ಲ.

ಕೇಳೋ ದಾರಿ ಇಲ್ವಾ, ಇದೆ. ಸಿವಿಲ್ ಪ್ರೊಸೀಜರ್ ಕೋಡ್ ಆರ್ಡರ್ 11 ರೂಲ್ 14ರಲ್ಲಿ ಹಾಜರುಪಡಿಸೋಕೆ ಅರ್ಜಿ ಹಾಕಿ. ಡಿಸ್ಕವರಿಗೋ (ತಮ್ಮ ಹತ್ರ ಇರೋ ದಾಖಲೆ ತಿಳಿಸೋದು) ಇನ್‌ಸ್ಪೆಕ್ಷನ್‌ಗೋ (ಅದನ್ನ ನೋಡೋಕೆ ಕೊಡೋದು) ಆರ್ಡರ್ ಆದ್ಮೇಲೂ ಪಾಲಿಸ್ಲಿಲ್ಲ ಅಂದ್ರೆ ರೂಲ್ 21ರಲ್ಲಿ ವಾದಿ ದಾವೆ ವಜಾ ಆಗ್ಬಹುದು, ಪ್ರತಿವಾದಿ ಡಿಫೆನ್ಸೇ ಹೊಡೆದುಹಾಕ್ಬಹುದು. ಕಮರ್ಷಿಯಲ್ ಕೋರ್ಟಲ್ಲಿ ಇನ್ನೂ ಬಿಗಿ, ಇಮೇಲ್ ಐಡಿ ಯಾರದ್ದು, ಕಂಪ್ಯೂಟರ್ ಯಾರ ವಶದಲ್ಲಿತ್ತು, ಯಾರ್‍ಯಾರು ಬಳಸ್ತಿದ್ರು ಅಂತ ಪ್ರಮಾಣ ಮಾಡಿ ಹೇಳ್ಬೇಕು. ಇಷ್ಟೆಲ್ಲ ಇದ್ದೂ ನಮ್ಮಲ್ಲಿ ಈ ಅರ್ಜಿ ಹಾಕೋರು ಕಡಿಮೆ, ಕೇಸು ಎಳೀತಾರೆ ಅನ್ನೋ ಹೆಸರು ಬರುತ್ತೆ ಅಂತ ಭಯ, ಆ ಭಯ ಬಿಡಿ.

2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಅಧಿನಿಯಮ ಬಂದಿದೆ, 65ಬಿ ಜಾಗದಲ್ಲಿ ಸೆಕ್ಷನ್ 63. ಸರ್ಟಿಫಿಕೇಟ್ ಈಗ ಎರಡು ಭಾಗ, ಒಂದು ಪಾರ್ಟಿ ಕೊಡೋದು ಇನ್ನೊಂದು ಎಕ್ಸ್‌ಪರ್ಟ್ ಕೊಡೋದು, ಎರಡರಲ್ಲೂ ಹ್ಯಾಶ್ ವ್ಯಾಲ್ಯೂ ಬರೀಬೇಕು. ಹ್ಯಾಶ್ ಅಂದ್ರೆ ಫೈಲಿನ ಬೆರಳಚ್ಚು ಅನ್ಕೊಳ್ಳಿ, ಒಳಗೆ ಒಂದಕ್ಷರ ಬದಲಾದ್ರೂ ನಂಬರ್ ಬದಲಾಗುತ್ತೆ. ಎದುರು ಪಾರ್ಟಿ ಕೊಟ್ಟ ಪೆನ್‌ಡ್ರೈವ್ ಕೈಗೆ ಬಂದ ದಿನವೇ ಆ ಹ್ಯಾಶನ್ನ ತಾಳೆ ನೋಡಿ.

ಅಳಿಸಿಹಾಕೋ ವಿಷಯಕ್ಕೆ ಅಮೆರಿಕದಲ್ಲಿ ಜುಬುಲೇಕ್ ಅನ್ನೋ ಉದ್ಯೋಗಿ ಯುಬಿಎಸ್ ಬ್ಯಾಂಕಿನ ಮೇಲೆ ಹಾಕಿದ ಕೇಸು ನೋಡಿ. ಬ್ಯಾಂಕಿನ ಉದ್ಯೋಗಿಗಳು ಇಮೇಲ್ ಡಿಲೀಟ್ ಮಾಡಿದ್ರು, ಇಟ್ಕೊಳ್ಳಿ ಅಂತ ವಕೀಲರು ಹೇಳಿದ್ಮೇಲೂ. ಅವು ಬ್ಯಾಂಕಿಗೆ ವಿರುದ್ಧವಾಗಿದ್ವು ಅಂತ ತಿಳ್ಕೋಬಹುದು ಅಂತ ಜಡ್ಜ್ ಜ್ಯೂರಿಗೆ ಹೇಳೋ ಹಾಗಾಯ್ತು, 2005ರಲ್ಲಿ ಜ್ಯೂರಿ ಜುಬುಲೇಕ್‌ಗೆ 2.9 ಕೋಟಿ ಡಾಲರಿಗೂ ಜಾಸ್ತಿ ಕೊಡಿಸ್ತು. ನಮ್ಮಲ್ಲೂ ಸಾಕ್ಷ್ಯ ತಡೆಹಿಡಿದವರ ವಿರುದ್ಧ ಹಾಗೆ ಊಹಿಸೋಕೆ ಕೋರ್ಟಿಗೆ ಅಧಿಕಾರ ಇದೆ, ಆದ್ರೆ ಅಳಿಸ್ಬೇಡಿ ಅಂತ ನಾವು ಮೊದಲ ನೋಟಿಸಲ್ಲೇ ಬರೆದಿದ್ರೆ ಕೇಳೋಕೆ ಬಾಯಿರುತ್ತೆ. ಸಿಸಿಟಿವಿ ಆದ್ರಂತೂ ನೋಟಿಸ್ ಮಾರನೇ ದಿನವೇ ಹೋಗ್ಬೇಕು, ಹಳೇದರ ಮೇಲೆ ಹೊಸದು ರೆಕಾರ್ಡ್ ಆಗ್ತಾನೇ ಇರುತ್ತೆ.

ನಾನೀಗ ಕಕ್ಷಿದಾರರು ವಕಾಲತ್ತಿಗೆ ಸಹಿ ಹಾಕೋಕೆ ಮುಂಚೆ ಕೇಳೋದು ಒಂದೇ, ಈ ಫೋನ್ ಯಾವಾಗ ತಗೊಂಡ್ರಿ, ಹಳೇದು ಎಲ್ಲಿದೆ?